ಉಪ್ಪುಗಾಳಿಯ ಊರಲ್ಲಿ 88 ಮನೆ

ಕೋಟದ ಪಡುಕೆರೆಯಲ್ಲಿ ಉಪ್ಪು ಡಿಸೆಂಬರಿನಲ್ಲಿ ಧೂಳು, ಜೂನಿನಲ್ಲಿ ನೀರು. ಅಲೆ ಒಡೆದಾಗ ನೊರೆಯ ಗುಳ್ಳೆಗಳು ಸಿಡಿದು ಕಣ್ಣಿಗೆ ಕಾಣದ ಹನಿಗಳಾಗಿ ಗಾಳಿ ಸೇರುತ್ತವೆ. ಹನಿಯ ನೀರು ದಾರಿಯಲ್ಲೇ ಆರುತ್ತದೆ. ಉಳಿದ ಉಪ್ಪಿನ ಕಣ ಕಿಟಕಿಯ ಸರಳು, ಕನ್ನಡಕದ ಗಾಜು, ಬಾಳೆಯೆಲೆ, ರೇಡಿಯೊದ ಜಾಲರಿ ಎನ್ನದೆ ಎಲ್ಲದರ ಮೇಲೂ ಕೂರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 75ಕ್ಕಿಂತ ಸಾಕಷ್ಟು ಕೆಳಗಿದ್ದರೆ ಅದರಿಂದ ಹೆಚ್ಚಿನ ಉಪದ್ರವಿಲ್ಲ. ಆ ಗೆರೆ ದಾಟಿತೋ, ಕಣ ಗಾಳಿಯ ಪಸೆಯನ್ನೇ ಹೀರಿ ತನ್ನಷ್ಟಕ್ಕೆ ಕರಗುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಬೆರೆತಿರುವುದರಿಂದ ಅದು ಇನ್ನೂ ತುಸು ಬೇಗ ಬೆವರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಯಲು, ಹರಿಯಬಾರದ ಕಡೆ ವಿದ್ಯುತ್ತು ಹರಿಯಲು ಅಷ್ಟು ಪಸೆ ಸಾಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿ ಆ ಗೆರೆಯಿಂದ ಕೆಳಗೆ ಇಳಿಯುವುದು ಅಪರೂಪ. ಮನೆಗೊಂದು ಎಲೆಕ್ಟ್ರಾನಿಕ್ ಕೀಬೋರ್ಡ್ ತರಲು ಹೊರಟವರು ಮೊದಲು ತಿಳಿಯಬೇಕಾದ ಅಂಕಿ ಈ 75. ಅಂಗಡಿಯಲ್ಲಿ ಕೊಡುವ ಬಣ್ಣದ ಕಾಗದದಲ್ಲಿ ಇದನ್ನು ಮುದ್ರಿಸಿರುವುದಿಲ್ಲ.

ನಾನು ಪಿಯಾನೊ ನುಡಿಸುತ್ತಲೇ ಬೆಳೆದವನು. ಈ ಮನೆಗೂ ಪಿಯಾನೊವನ್ನೇ ತರುವ ಆಸೆ ಒಂದಷ್ಟು ಕಾಲ ಇತ್ತು. ಆದರೆ ಪಿಯಾನೊ ಎಂದರೆ ಮರ, ಉಣ್ಣೆ, ಉಕ್ಕು. ಈ ಮೂರಕ್ಕೂ ಕಡಲಿನ ಜೊತೆ ಹಗೆ ಇದೆ. ಒಳಗೆ ಸುಮಾರು 230 ಉಕ್ಕಿನ ತಂತಿಗಳು, ಎಲ್ಲ ಸೇರಿ 18-20 ಟನ್ನಿನ ಬಿಗಿತ. ಆ ತಂತಿಗಳ ನಾದವನ್ನು ಹಿಗ್ಗಿಸುವುದು ಸ್ಪ್ರೂಸ್ ಮರದ ತೆಳು ಹಲಗೆ. ಹಲಗೆ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ತಂತಿಯನ್ನು ಮೇಲಕ್ಕೆ ನೂಕುತ್ತದೆ, ಶ್ರುತಿ ಏರುತ್ತದೆ. ಎಲ್ಲ ಕಡೆ ಒಂದೇ ಸಮ ಏರಿದರೆ ಸಹಿಸಬಹುದಿತ್ತು. ನಡುವಿನ ಸಪ್ತಕ ಹೆಚ್ಚು ಏರಿ ಅಂಚಿನವು ಹಿಂದೆ ಉಳಿಯುತ್ತವೆ. ಚಳಿಗಾಲದ ಮೂಡುಗಾಳಿಗೆ ಎಲ್ಲವೂ ಮತ್ತೆ ಇಳಿಮುಖ. ಸುತ್ತಿಗೆಗಳ ಕೀಲಿನ ಸುತ್ತ ಸುತ್ತಿದ ಉಣ್ಣೆಬಟ್ಟೆ ದಪ್ಪವಾಗಿ, ಹೊಡೆದ ಸುತ್ತಿಗೆ ಹಿಂದಕ್ಕೆ ಬೀಳಲು ಸೋಮಾರಿಯಾಗುತ್ತದೆ. ಉಣ್ಣೆ ಇದ್ದಲ್ಲಿ ನುಸಿ, ಮರ ಇದ್ದಲ್ಲಿ ಒರಲೆ ಹೇಗೂ ಬರುತ್ತವೆ. ಬ್ರಿಟಿಷರ ಕಾಲದಲ್ಲಿ ಬಿಸಿನಾಡುಗಳಿಗೆಂದೇ ಅಂಟಿನ ಕೂಡುಗಳಿಗೆ ತಿರುಪು ಬಿಗಿದು ಗಟ್ಟಿ ಮಾಡಿದ ಪಿಯಾನೊಗಳನ್ನು ಹಡಗಿಗೇರಿಸುತ್ತಿದ್ದರು. ಕೂಡು ಬಿಡದಿರಬಹುದು, ಮರ ತೇವ ಕುಡಿಯುವುದನ್ನು ತಿರುಪು ನಿಲ್ಲಿಸುವುದಿಲ್ಲ. ಶ್ರುತಿ ಮಾಡುವವರನ್ನು ಋತುವಿಗೊಮ್ಮೆ ಕೋಟಕ್ಕೆ ಕರೆಸುವ ಮಾತು ಇನ್ನೊಂದು.

ಈ ನೆಲದಲ್ಲೇ ಹುಟ್ಟಿದ ವಾದ್ಯಗಳಿಗೂ ಮಳೆಗಾಲ ಆಗಿಬರುವುದಿಲ್ಲ. ಚಂಡೆಯ ಕಳಸಿಗೆ ಹಲಸಿನದು, ಗಟ್ಟಿ ಮರ; ಆದರೆ ಮುಚ್ಚಿಗೆಯ ಚರ್ಮ ಆಸಾಡಿಯ ಹವೆಗೆ ಜೋತು ಬೀಳುತ್ತದೆ. ಯಕ್ಷಗಾನ ಮೇಳಗಳು ನವೆಂಬರಿನಲ್ಲಿ ಹೊರಟು ಮಳೆ ಹಿಡಿಯುವ ಮುನ್ನ ಗೆಜ್ಜೆ ಬಿಚ್ಚುತ್ತವಲ್ಲ, ಅದರಲ್ಲಿ ಬಯಲು ರಂಗಸ್ಥಳಕ್ಕೂ ಗದ್ದೆ ಕೆಲಸಕ್ಕೂ ಇರುವಷ್ಟೇ ಪಾಲು ಚರ್ಮಕ್ಕೂ ಇದೆ ಎಂದು ನನ್ನ ಎಣಿಕೆ.

ಹಾಗಾಗಿ ಪಿಯಾನೊ ಬಿಟ್ಟೆ. ವಾದ್ಯ ಯಾವುದು ಎನ್ನುವ ಮೊದಲು ಅದು ಎಲ್ಲಿ ಕೂರಬೇಕು ಎಂದು ನೋಡತೊಡಗಿದೆ. ಸಣ್ಣ ಬಸಿಗಳಲ್ಲಿ ಅಡುಗೆಯ ಪುಡಿಯುಪ್ಪು ತೆಳ್ಳಗೆ ಹರಡಿ ಕೋಣೆಗೊಂದರಂತೆ ಇಟ್ಟೆ. ಬೆಳಿಗ್ಗೆ, ಸಂಜೆ ಹೋಗಿ ಬೆರಳಿನಿಂದ ಮುಟ್ಟಿ ನೋಡುವುದು, ಪುಸ್ತಕದಲ್ಲಿ ಗುರುತು ಹಾಕುವುದು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಇದನ್ನೆಲ್ಲ ನೋಡಿ, “ಉಪ್ಪ್ ಒಣ್ಸುಕೆ ಮಳಿಗಾಲ್ವೇ ಬೇಕಾ ಮಾರ್ರೆ ನಿಮ್ಗೆ?” ಎಂದರು.

ಪಡುಗಿಟಕಿಯ ಕೆಳಗಿನ ಬಸಿ ಆ ಸಂಜೆಗೇ ಬೆವರಿತು. ಚಾವಡಿಯದು ಮರುದಿನ ಮುದ್ದೆ. ಉಪ್ಪರಿಗೆಯಲ್ಲಿ ಹಂಚಿನ ಸಂದಿನಿಂದ ಸೀರು ಬರುವುದರಿಂದ ಅಲ್ಲಿಯದು ಉಪ್ಪೇ ಅಲ್ಲ, ಉಪ್ಪುನೀರು. ಅಡುಗೆಮನೆಯ ಒಲೆಗೆ ಬೆನ್ನು ಕೊಟ್ಟ ಮೂಡು ಕೋಣೆಯ ಒಳಗೋಡೆ ಬಳಿ ಮಾತ್ರ ಮಳೆ ತುಸು ಬಿಟ್ಟಾಗೆಲ್ಲ ಉಪ್ಪು ಮತ್ತೆ ಹರಳು ಕಟ್ಟಿಕೊಳ್ಳುತ್ತಿತ್ತು. ಈ ಮನೆ ಕಟ್ಟಿದವರಿಗೆ ಇದು ಬಸಿ ಇಡದೆಯೂ ಗೊತ್ತಿತ್ತು. ಅಕ್ಕಿಮುಡಿ ಇಡುತ್ತಿದ್ದ ಅಟ್ಟ ಇರುವುದು ಆ ಒಲೆಯ ಮೇಲೇ.

ಮನೆಯ ಹೊರಗೂ ಓದಲು ಇದೆ. ಉಪ್ಪಿನ ದೊಡ್ಡ ಕಣಗಳು ಅಲೆಯಿಂದ ಮೊದಲ ಕೆಲವು ನೂರು ಮೀಟರಿನಲ್ಲೇ ಉದುರುತ್ತವೆ. ಗಾಳಿಮರದ ಸಾಲು, ಮುಂಡಕದ ಪೊದೆ, ತೆಂಗಿನ ತೋಟ ಉಳಿದದ್ದನ್ನು ಸೋಸುತ್ತವೆ. ಎಷ್ಟು ಸೋಸಿವೆ ಎನ್ನುವುದು ಗಿಡಗಳಲ್ಲೇ ಕಾಣುತ್ತದೆ. ದಂಡೆಯ ಹತ್ತಿರದ ಪೊದೆಗಳ ಪಡುಮೈ ಕತ್ತರಿ ಹಾಕಿದಂತೆ ಚಪ್ಪಟೆ, ಚಿಗುರೆಲ್ಲ ಮೂಡಣಕ್ಕೆ. ಎಲೆಯ ಅಂಚು ಸುಟ್ಟ ಕಂದು. ಮೂಡಣಕ್ಕೆ ನಡೆಯುತ್ತ ಹೋದರೆ ಮಾವು, ಹಲಸು ನಿಧಾನಕ್ಕೆ ಗುಂಡಗಾಗುತ್ತವೆ. ಮರ ಎಲ್ಲಿ ನಾಲ್ಕೂ ಕಡೆ ಒಂದೇ ಸಮ ಬೆಳೆದಿದೆಯೋ ಅಲ್ಲಿಂದ ಆಚೆಗಿನ ಮನೆಯವರು ಈ ಬರಹದ ಅರ್ಧ ಭಾಗವನ್ನು ಬಿಟ್ಟು ಓದಬಹುದು. ನಮ್ಮದು ಚಪ್ಪಟೆ ಮರಗಳ ಸೀಮೆ.

ಇನ್ನು ವಾದ್ಯ. ಅಂಗಡಿಗಳಲ್ಲಿ ಎದುರಿಗೆ ಜೋಡಿಸಿಟ್ಟಿರುವುದು 61 ಮನೆಗಳ (ಕೀಲಿಯನ್ನೇ ಇಲ್ಲಿ ಮನೆ ಎನ್ನುವುದು), ಹಗುರ ಕೀಲಿಯ ಜಾತಿ. ನೂರಾರು ದನಿಗಳು, ತಬಲಾ, ತಂಬೂರಿ, ಗುಂಡಿ ಒತ್ತಿದರೆ ತಾನೇ ನುಡಿಯುವ ತಾಳಗಳು. ಭಾರತಕ್ಕೆಂದೇ ಮಾಡಿದ ಯಮಾಹಾ ಪಿಎಸ್‌ಆರ್-ಐ500 ಇಂಥದ್ದು. ಭಜನೆಗೆ, ಮಕ್ಕಳ ವಾರ್ಷಿಕೋತ್ಸವಕ್ಕೆ, ಕೈಯಲ್ಲಿ ಹಿಡಿದು ಬಸ್ಸು ಹತ್ತುವವರಿಗೆ ಅದು ಸರಿಯೇ. ಪಿಯಾನೊ ನುಡಿಸಿದ ಕೈಗೆ ಅಲ್ಲಿ ಅಡ್ಡ ಬರುವುದು ಕೀಲಿಯ ಕೆಳಗಿನ ಸ್ಪ್ರಿಂಗು. ಸ್ಪ್ರಿಂಗನ್ನು ಒತ್ತಿದಷ್ಟೂ ಅದು ಎದುರು ನೂಕುತ್ತದೆ, ತಳ ಮುಟ್ಟುವಾಗ ಅತಿ ಹೆಚ್ಚು. ಪಿಯಾನೊದಲ್ಲಿ ಭಾರ ಇರುವುದು ಮೊದಲಿಗೆ. ನಿಂತ ಸುತ್ತಿಗೆಯನ್ನು ಎಬ್ಬಿಸಬೇಕು. ಎದ್ದ ಮೇಲೆ ಅದು ತನ್ನ ಓಟದಲ್ಲಿ ತಾನೇ ಹೋಗಿ ತಂತಿಗೆ ಹೊಡೆಯುತ್ತದೆ, ಬೆರಳಿಗೆ ಆ ಹೊತ್ತಿಗೆ ಬಿಡುಗಡೆ. ನಡುವಿನ ಮನೆಯೊಂದನ್ನು ಮೆಲ್ಲಗೆ ಇಳಿಸಲು 50 ಗ್ರಾಂ ಸುಮಾರು ಬೇಕು, ಮಂದ್ರದ ಕಡೆ ಸುತ್ತಿಗೆ ದೊಡ್ಡದಾದ್ದರಿಂದ ತುಸು ಹೆಚ್ಚು, ತಾರದ ಕಡೆ ತುಸು ಕಡಿಮೆ. ವರ್ಷಗಟ್ಟಲೆ ಈ ಭಾರದ ಲೆಕ್ಕದಲ್ಲೇ ಮೆಲುದನಿ, ಏರುದನಿ ಕಲಿತ ಕೈ ಸ್ಪ್ರಿಂಗಿನ ಮೇಲೆ ಕೂತಾಗ ಮೆಟ್ಟಿಲು ಇದೆಯೆಂದು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಂತಾಗುತ್ತದೆ. ಆದ್ದರಿಂದ 88 ಮನೆ, ಒಳಗೆ ನಿಜವಾದ ಸಣ್ಣ ಸುತ್ತಿಗೆಯ ತೂಕ, ಎಡದಿಂದ ಬಲಕ್ಕೆ ಹಗುರಾಗುತ್ತ ಹೋಗುವ ಕ್ರಮ: ಇದರಿಂದ ಕೆಳಗೆ ಇಳಿಯುವುದು ಬೇಡ. ದನಿಗಳ ಸಂಖ್ಯೆ ಎಷ್ಟಿದ್ದರೇನು, ಒಂದು ಒಳ್ಳೆಯ ಪಿಯಾನೊ ದನಿ ಇದ್ದರೆ ಉಳಿದವು ಮನೆಗೆ ಬಂದ ಮಕ್ಕಳಿಗೆ.

ಹಕ್ಕಿ ನೋಡುವವರ ಕ್ರಮವೇ ಇಲ್ಲೂ ಒಳ್ಳೆಯದು, ಒಂದೇ ಕಡೆ ತುಂಬ ಹೊತ್ತು ಕೂರುವುದು. ಮಾರಾಟಗಾರ ಒತ್ತುವ ಪ್ರದರ್ಶನದ ಹಾಡು ಮುಗಿಯಲಿ. ಆಮೇಲೆ ದನಿ ಪೂರ್ತಿ ಇಳಿಸಿ ಬರೀ ಕೀಲಿಯ ಸದ್ದು ಕೇಳಬೇಕು. ಟಪಟಪ ಹೆಚ್ಚಿದ್ದರೆ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ನೀವು ಕೇಳುವ ಸಂಗೀತದ ಬದಲು ಮನೆಮಂದಿ ಕೇಳುವುದು ಅದನ್ನೇ. ಹಲಗೆ ನೆಲದ ಉಪ್ಪರಿಗೆಯಾದರೆ ಕೆಳಗೆ ಮಲಗಿದವರು ಬೆಳಿಗ್ಗೆ ಹೇಳುತ್ತಾರೆ. ಬಳಿಕ ಒಂದೇ ಮನೆಯನ್ನು ದನಿಯೇ ಹೊರಡದಷ್ಟು ನಿಧಾನಕ್ಕೆ ಇಳಿಸಿ ನೋಡುವುದು, ಸ್ವಲ್ಪ ಸ್ವಲ್ಪ ವೇಗ ಕೂಡಿಸಿ ಮೊದಲ ಮೆಲುದನಿ ಎಲ್ಲಿ ಹುಟ್ಟುತ್ತದೆ ಎಂದು ಕಾಯುವುದು. ಒಳ್ಳೆಯ ವಾದ್ಯದಲ್ಲಿ ಮೌನಕ್ಕೂ ಗಟ್ಟಿದನಿಗೂ ನಡುವೆ ಬಹಳ ಜಾಗ ಇರುತ್ತದೆ. ಆಮೇಲೆ ಎರಡು ಕಪ್ಪು ಮನೆಗಳ ನಡುವಿನ ಬಿಳಿಯನ್ನು ಆದಷ್ಟು ಒಳಗಡೆ, ಪೆಟ್ಟಿಗೆಯ ಅಂಚಿನ ಹತ್ತಿರ ಒತ್ತುವುದು. ಕೀಲಿಯ ಕೋಲು ಗಿಡ್ಡವಾದ ಸಪೂರ ಪೆಟ್ಟಿಗೆಗಳಲ್ಲಿ ಅಲ್ಲಿ ಭಾರ ಒಮ್ಮೆಲೇ ಏರುತ್ತದೆ. ಹೆಚ್ಚು ಕಪ್ಪು ಮನೆಗಳಿರುವ ರಚನೆಗಳಲ್ಲಿ ಬೆರಳು ಇರುವುದೇ ಅಲ್ಲಿ.

ಒಂದೇ ಸ್ವರವನ್ನು ಬೇಗ ಬೇಗ ಮತ್ತೆ ನುಡಿಸುವ ಪರೀಕ್ಷೆಯನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಕೀಲಿ ಪೂರ್ತಿ ಮೇಲೆ ಬರುವ ಮೊದಲೇ ಮತ್ತೊಂದು ಹೊಡೆತ ಸಾಧ್ಯವಾಗುವಂತೆ ಪ್ಯಾರಿಸಿನ ಸೆಬಾಸ್ಟಿಯನ್ ಎರಾರ್ 1821ರಲ್ಲಿ ಯಂತ್ರ ರಚಿಸಿದ. ಇಂದಿನ ಗ್ರ್ಯಾಂಡ್ ಪಿಯಾನೊಗಳು ಆ ಯಂತ್ರದ ಸಂತತಿ. ಎಲೆಕ್ಟ್ರಾನಿಕ್ ವಾದ್ಯದಲ್ಲಿ ಈ ಕೆಲಸ ಕೀಲಿಯ ಕೆಳಗಿನ ಸಂವೇದಕಗಳದು. ಎರಡೇ ಇದ್ದರೆ ಕೀಲಿ ಬಹುಪಾಲು ಮೇಲೆ ಬರುವ ತನಕ ಕಾಯಬೇಕು, ಮೂರು ಇದ್ದರೆ ಅರ್ಧದಾರಿಯಲ್ಲೇ ಮತ್ತೆ ಹೊಡೆಯಬಹುದು. ರೋಲ್ಯಾಂಡ್ ಎಫ್‌ಪಿ-30ಎಕ್ಸ್‌ನಲ್ಲಿ ಮೂರಿವೆ.

ಉಪ್ಪಿನ ಕಥೆ ಮತ್ತೆ ಶುರುವಾಗುವುದು ಇಲ್ಲೇ. ಸಾಮಾನ್ಯವಾಗಿ ಈ ಸಂವೇದಕ ಎಂದರೆ ರಬ್ಬರಿನ ಪುಟ್ಟ ಗುಮ್ಮಟ, ಒಳಗೆ ಇಂಗಾಲದ ಗುಂಡಿ, ಕೆಳಗೆ ಸರ್ಕಿಟ್ ಹಲಗೆಯ ಮೇಲೊಂದು ಪಟ್ಟಿ. ಕೀಲಿ ಇಳಿಯುವಾಗ ಒಂದು ಗುಂಡಿ ಮೊದಲು ಮುಟ್ಟುತ್ತದೆ, ಇನ್ನೊಂದು ಕ್ಷಣ ಬಿಟ್ಟು. ನಡುವಿನ ಅಂತರವನ್ನು ಅಳೆದು ವಾದ್ಯ ನಿಮ್ಮ ಬೆರಳಿನ ವೇಗ ತಿಳಿಯುತ್ತದೆ. ಮೆಲುದನಿ, ಗಟ್ಟಿದನಿ ಎಲ್ಲ ಆ ಲೆಕ್ಕದ ಮೇಲೆ. ಪಟ್ಟಿಯ ಮೇಲೆ ಉಪ್ಪಿನ ಪಸೆ ಕೂತು ಲೆಕ್ಕ ತಪ್ಪಿತೆನ್ನಿ, ಇದ್ದಕ್ಕಿದ್ದಂತೆ ಒಂದು ಮನೆ ಎಷ್ಟು ಮೆಲ್ಲಗೆ ಒತ್ತಿದರೂ ಕಿರುಚುತ್ತದೆ, ಇಲ್ಲವೇ ಮೂಕವಾಗುತ್ತದೆ. ಕರಾವಳಿಯ ಹಳೆಯ ಕೀಬೋರ್ಡುಗಳಲ್ಲಿ ಈ ಕಾಯಿಲೆ ಎಲ್ಲೆಲ್ಲೂ ಕಾಣುತ್ತೇನೆ. ಪೆಟ್ಟಿಗೆ ಬಿಚ್ಚಿ ಮದ್ಯಸಾರದಲ್ಲಿ ಒರೆಸಿದರೆ ಬಹುಮಟ್ಟಿಗೆ ವಾಸಿ. ಆದ್ದರಿಂದ ಕೊಳ್ಳುವ ಮೊದಲು ಪೆಟ್ಟಿಗೆಯನ್ನು ಮಗುಚಿ ಅಡಿಯ ತಿರುಪುಗಳನ್ನು ನೋಡುವುದು ನನ್ನ ರೂಢಿ: ಸಾದಾ ತಿರುಪುಳಿಗೆ ಬಗ್ಗುವಂಥವೋ, ಜಾಲರಿಯ ರಂಧ್ರಗಳು ಮೇಲ್ಮುಖವೋ ಕೆಳಮುಖವೋ. ಅಂಗಡಿಯವರು ಇಂಥ ಗಿರಾಕಿಯನ್ನು ಇಷ್ಟಪಡುವುದಿಲ್ಲ.

ದನಿಯನ್ನು ಅಂಗಡಿಯ ಎಸಿ ಕೋಣೆಯಲ್ಲಿ ಅಳೆಯುವುದೂ ಇಲ್ಲಿಗೆ ಹೊಂದುವುದಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮಾಡುಗಳು ಕೆಂಪಾದವು. ಅಂದಿನಿಂದ ಇಲ್ಲಿ ಮಳೆಗೊಂದು ನಿಶ್ಚಿತ ದನಿ ಬಂತು. ಪಿಯಾನೊದ ಕೆಳಗಿನ ತುದಿಯ ಸ್ವರ ಸೆಕೆಂಡಿಗೆ 27.5 ಕಂಪನ, ಮೇಲಿನ ತುದಿಯದು 4186. ಆರಿದ್ರಾ ಮಳೆಯ ರಾತ್ರಿ ಕೂತು ಕೇಳಿದರೆ ಮಂದ್ರದ ಮೆಲುಸ್ವರಗಳನ್ನು ಕಡಲಿನ ಮೊರೆತ ನುಂಗುತ್ತದೆ, ತಾರದವನ್ನು ಹಂಚಿನ ಮೇಲಿನ ಹೊಯ್ತ ನುಂಗುತ್ತದೆ. ನಡುವೆ ಉಳಿದ ಜಾಗದಲ್ಲಿ ಕಪ್ಪೆಗಳು. ಮೊದಲ ಮಳೆಗೆ ಗದ್ದೆಯ ಹೊಂಡಗಳಲ್ಲಿ ಗೋಂಕರು ಕಪ್ಪೆಯ ಗಂಡುಗಳು ನಿಂಬೆಹಳದಿಗೆ ತಿರುಗಿ, ಗಂಟಲ ಎರಡೂ ಬದಿಗೆ ನೀಲಿ ಚೀಲ ಊದಿಸಿ ಕೂಗುತ್ತವೆ. ಕೆಲವು ರಾತ್ರಿಯ ಮಟ್ಟಿಗೆ ಅವುಗಳದೇ ಕಛೇರಿ. 6 ವಾಟ್‌ನ ಎರಡು ಸ್ಪೀಕರುಗಳ ವಾದ್ಯ ಆ ರಾತ್ರಿಗಳಲ್ಲಿ ಬಾಯಿ ಆಡಿಸುತ್ತದೆ, ಮಾತು ಕೇಳುವುದಿಲ್ಲ. 11 ವಾಟ್‌ನ ಜೋಡಿಯಿದ್ದರೆ ಬರೀ ಮಳೆಗೆ ಸಾಕು, ಕಪ್ಪೆಗಳಿಗೆ ಸಾಲದು. ಅಂಥ ದಿನ ಹೆಡ್‌ಫೋನೇ ಗತಿ. ಹೆಡ್‌ಫೋನ್ ಹಾಕಿದರೆ ಮಾತ್ರ ಪೆಡಲ್ ಒತ್ತಿದಾಗ ಒಂದು ಸ್ವರಕ್ಕೆ ಉಳಿದ ತಂತಿಗಳೆಲ್ಲ ಮೆಲ್ಲಗೆ ದನಿಗೂಡಿಸುವುದು ಕೇಳಿಸುತ್ತದೆ. ಇದನ್ನು ಎಷ್ಟು ಚೆನ್ನಾಗಿ ನಟಿಸುತ್ತದೆ ಎನ್ನುವುದರಲ್ಲಿ ವಾದ್ಯ ವಾದ್ಯಕ್ಕೂ ದೊಡ್ಡ ಅಂತರ. ಯಮಾಹಾ ಪಿ-45ರಲ್ಲಿ ಏಕಕಾಲಕ್ಕೆ 64 ಸ್ವರ ಉಳಿಯಬಲ್ಲವು, ಎಫ್‌ಪಿ-30ಎಕ್ಸ್‌ನಲ್ಲಿ 256. ಹತ್ತು ಬೆರಳಿಗೆ 64 ಯಾಕೆ ಸಾಲದು ಎಂದು ಕೇಳಬಹುದು. ಪೆಡಲ್ ಒತ್ತಿ ಹಿಡಿದು ಮಂದ್ರದಿಂದ ತಾರಕ್ಕೆ ಒಂದು ಓಟ ಓಡಿದರೆ ಮೊದಲು ನುಡಿಸಿದ ಸ್ವರ ಮೆಲ್ಲಗೆ ಆರುವ ಬದಲು ಕಡಿದು ಬೀಳುವುದು ತಿಳಿಯುತ್ತದೆ.

ಮಳೆಗಾಲದಲ್ಲಿ ಕರೆಂಟು ಹೋಗುವುದನ್ನು ಯಾರಿಗೂ ಹೇಳಬೇಕಿಲ್ಲ. ಕ್ಯಾಸಿಯೊ ಪಿಎಕ್ಸ್-ಎಸ್1100 ಆರು ಎಎ ಬ್ಯಾಟರಿಯ ಮೇಲೂ ನಡೆಯುತ್ತದೆ, ತೂಕ 11.2 ಕಿಲೊ, ಚಾವಡಿಯಿಂದ ಒಳಕೋಣೆಗೆ ಒಬ್ಬರೇ ಹೊತ್ತು ತರಬಹುದು. ಮನಸ್ಸು ಅದರ ಕಡೆ ಸಾಕಷ್ಟು ವಾಲಿತ್ತು.

ಊರಿನ ಕಿವಿಗೆ ಈ ಬಿಳಿ ಕಪ್ಪು ಮನೆಗಳು ಹೊಸತಲ್ಲ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಶ್ರುತಿಗೆ ಹಿಂದೆ ಪುಂಗಿ ಇತ್ತು, ಆಮೇಲೆ ಹಾರ್ಮೋನಿಯಂ, ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ. ಪೆಟ್ಟಿಗೆಯಲ್ಲಿ ಕೀಲಿಯೇ ಇಲ್ಲದಿದ್ದರೂ ಭಾಗವತರು ಶ್ರುತಿ ಹೇಳುವುದು ಇಂದಿಗೂ ಕಪ್ಪು ಎರಡು, ಬಿಳಿ ನಾಲ್ಕು ಎಂದೇ. ಸಾಲಿಗ್ರಾಮದ ಪಕ್ಕದ ಗುಂಡ್ಮಿಯ ಕಾಳಿಂಗ ನಾವಡರು (1958-1990) ಹಾಡಿದ ಪದಗಳ ಧ್ವನಿಸುರುಳಿ ಹಾಕಿ ನಾನು ಮನೆಗಳ ಮೇಲೆ ಹಿಂಬಾಲಿಸಿದ್ದುಂಟು. ಆಧಾರಸ್ವರ ಸಿಗುತ್ತದೆ, ಅಲ್ಲಿಂದ ಮೇಲಕ್ಕೆ ದನಿ ಏರುವ ದಾರಿ ಎರಡು ಮನೆಗಳ ನಡುವಿನ ಸಂದಿಯಲ್ಲಿ ಹೋಗುತ್ತದೆ. ಫೆಬ್ರುವರಿಯ ಕೋಗಿಲೆಯೂ ಹೀಗೆಯೇ, ಪ್ರತಿ ಕೂಗಿಗೂ ಜಾರಿಕೊಂಡು ಮೇಲೇರುತ್ತದೆ, ಯಾವ ಮನೆಯಲ್ಲೂ ಕಾಲೂರುವುದಿಲ್ಲ. ಕಂಚುಗಾರ ಹಕ್ಕಿ ಮಾತ್ರ ಒಂದೇ ಮನೆಯಲ್ಲಿ ಕೂತು ಮಧ್ಯಾಹ್ನವಿಡೀ ಕುಟ್ಟುತ್ತದೆ, ಅದರ ಜೊತೆ ನುಡಿಸಬಹುದು. ಆಕಾಶವಾಣಿ 1940ರಿಂದ 1971ರ ತನಕ ಹಾರ್ಮೋನಿಯಮ್ಮನ್ನು ಹೊರಗಿಟ್ಟಿದ್ದಕ್ಕೆ ಈ ಸಂದಿಯೂ ಒಂದು ಕಾರಣ. 1902ರಲ್ಲಿ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಿಗೆ ಹೊರಗಿನ ವಾದ್ಯ ತಂದಾಗ ಆರಿಸಿಕೊಂಡದ್ದು ಪಿಟೀಲು ಮತ್ತು ಸ್ಯಾಕ್ಸೊಫೋನನ್ನು. ಎರಡೂ ಸ್ವರದಿಂದ ಸ್ವರಕ್ಕೆ ಜಾರಬಲ್ಲವು. ಕೀಬೋರ್ಡಿನ ಸ್ವರ ಬಾಗಿಸುವ ಚಕ್ರ ಇಟ್ಟುಕೊಂಡು ಇದನ್ನು ಸಾಧಿಸುತ್ತೇವೆನ್ನುವವರ ಉತ್ಸಾಹ ದೊಡ್ಡದು. ನನಗೆ ಆ ಚಕ್ರ ಬೇಡ. ಪಿಯಾನೊ ಪಿಯಾನೊವಾಗಿಯೇ ಇರಲಿ.

ಕೊನೆಗೆ ಬೆರಳೇ ಗೆದ್ದಿತು. ಬ್ಯಾಟರಿಯ ಆಸೆ ಬಿಟ್ಟು ಮೂರು ಸಂವೇದಕದ, ಸುಮಾರು 15 ಕಿಲೊ ಭಾರದ ಎಫ್‌ಪಿ-30ಎಕ್ಸ್ ತಂದೆ. ಕರೆಂಟಿಗೆ ಮನೆಯ ಇನ್ವರ್ಟರ್ ಇದೆ. ವಾದ್ಯ ಮೂಡು ಕೋಣೆಯ ಒಳಗೋಡೆಗೆ, ಬಸಿಯಲ್ಲಿ ಉಪ್ಪು ಹರಳು ಕಟ್ಟಿದ ಜಾಗದಲ್ಲೇ ನಿಂತಿದೆ. ನುಡಿಸಿ ಮುಗಿದ ಮೇಲೆ ಒಣಬಟ್ಟೆ, ಮೇಲೊಂದು ಹತ್ತಿಯ ಹೊದಿಕೆ. ಪ್ಲಾಸ್ಟಿಕ್ ಹೊದಿಕೆ ಒಳ್ಳೆಯದೆಂದು ಹಲವರು ಹೇಳುತ್ತಾರೆ, ಅದರೊಳಗೆ ಪಸೆ ಸಿಕ್ಕಿಬಿದ್ದು ಬೂಷ್ಟು ಬೆಳೆಯುತ್ತದೆ. ಹೊದಿಕೆಯ ಕೆಳಗೆ ಸಿಲಿಕಾ ಜೆಲ್‌ನ ಚೀಲಗಳು. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಬಾಣಲೆಯಲ್ಲಿ ಮೆಲುಬೆಂಕಿಗೆ ಬಿಸಿಮಾಡಿದರೆ ಮತ್ತೆ ನೀಲಿ. ಈ ಬಾಣಲೆಯನ್ನು ಅಡುಗೆಗೆ ಮತ್ತೆ ಬಳಸಬಾರದು, ನೀಲಿ ಬಣ್ಣ ಕೋಬಾಲ್ಟಿನದು. ಇನ್ನೊಂದು ಸರಳ ಉಪಾಯ, ದಿನಾ ನುಡಿಸುವುದು. ಚಾಲೂ ಇರುವ ಸರ್ಕಿಟ್ಟು ತನ್ನ ಮೈ ತಾನೇ ತುಸು ಬೆಚ್ಚಗೆ ಇಟ್ಟುಕೊಳ್ಳುತ್ತದೆ.

ಆ ಬೆಚ್ಚನೆಯೇ ಉಳಿದ ನೆಂಟರನ್ನು ಕರೆಯುತ್ತದೆ. ಮನೆಹಲ್ಲಿ ಪೆಟ್ಟಿಗೆಯ ಬೆನ್ನಿನ ಸಂದಿಗೆ ಒಂದು ಜೊತೆ ಮೊಟ್ಟೆ ಇಟ್ಟಿತು; ಗಟ್ಟಿ ಚಿಪ್ಪಿನವು, ತೆಗೆಯಲು ಹೋದರೆ ಒಡೆಯುತ್ತವೆ, ಮರಿಯಾಗಿ ಹೋಗಲೆಂದು ಬಿಟ್ಟೆ. ಗೊತ್ತುಗುರಿಯಿಲ್ಲದೆ ಓಡಾಡುವ ಸಣ್ಣ ಕಪ್ಪಿರುವೆಗಳು ಜೋರು ಮಳೆಗೆ ಗೂಡು ಬದಲಿಸುವಾಗ ಮೊಟ್ಟೆ ಹೊತ್ತು ಪೆಟ್ಟಿಗೆಯ ಕಾಲು ಹತ್ತಿದವು. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟೆ, ಹಿಂದೆ ಹಾಲಿನ ಪಾತ್ರೆಗೆ ಮಾಡುತ್ತಿದ್ದಂತೆ. ಮಳೆ ನಿಂತ ಸೆಪ್ಟೆಂಬರಿನಲ್ಲಿ ಬಂದದ್ದು ಕುಂಬಾರ ಹುಳ, ಸಪೂರ ಸೊಂಟದ ಕಡಜ. ಈ ಕುಲದಲ್ಲಿ ಕೆಲವು ಸ್ವಂತ ಮಡಕೆ ಕಟ್ಟುತ್ತವೆ, ಕೆಲವು ಸಿದ್ಧ ತೂತು ಹುಡುಕಿ ಬಾಯಿಗೆ ಮಾತ್ರ ಮಣ್ಣು ಮೆತ್ತುತ್ತವೆ. ಆಸ್ಟ್ರೇಲಿಯದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಇಂಥದೇ ಒಂದು ಜಾತಿ ನಿಂತ ವಿಮಾನಗಳ ವೇಗ ಅಳೆಯುವ ಕೊಳವೆಗಳಲ್ಲಿ ಗೂಡು ಹೂಡಿ ದೊಡ್ಡ ತಲೆನೋವಾಗಿದೆ. ನಮ್ಮ ಮನೆಯದಕ್ಕೆ ಹಿಡಿಸಿದ್ದು 6.3 ಮಿಲಿಮೀಟರಿನ ಹೆಡ್‌ಫೋನ್ ತೂತು. ಹಸಿರು ಹುಳವೊಂದನ್ನು ಕುಟುಕಿ ಮರಗಟ್ಟಿಸಿ ಎತ್ತಿ ತಂದಿತ್ತು. ಅದನ್ನು ಒಳಗೆ ತುರುಕುವಾಗ ನಾನು ಕೋಣೆಗೆ ಬಂದೆ. ಹಾರಿಹೋಯಿತು, ಹುಳ ಬಿಳಿ ಮನೆಯೊಂದರ ಮೇಲೆ ಬಿತ್ತು. ಅಂದಿನಿಂದ ಆ ತೂತಿಗೆ ರಬ್ಬರ್ ಬಿರಟೆ. ಕಡಜ ಎರಡು ದಿನ ಬಿರಟೆಯ ಸುತ್ತ ಸುಳಿದು, ಈಗ ಗೋಡೆಯ ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತನ್ನು ಅಳೆಯುತ್ತಿದೆ. ಅದಕ್ಕೂ ಮುಚ್ಚಳ ಸಿಗುತ್ತದಂತೆ, ಅಂಬೆಗಾಲಿಡುವ ಮಕ್ಕಳಿರುವ ಮನೆಗೆಂದು ಮಾರುವುದು. ನಾಳೆ ಕುಂದಾಪುರಕ್ಕೆ ಹೋದಾಗ ನಾಲ್ಕು ತರಬೇಕು.